ಪದ ಪರಿಚಯ: ಪ್ಯಾಕೇಜಿಂಗ್ ಮಾರ್ಗಸೂಚಿ

ತಂತ್ರಾಂಶವೊಂದನ್ನು ಬಿಲ್ಡ್ ಮಾಡಿ (ಮೂಲ ಕೋಡಿನಿಂದ ಓಡುವ ರೂಪಕ್ಕೆ ತಂದು), ಯಾವ ಕಡತ ಎಲ್ಲಿ ಕೂರಬೇಕು, ಅದು ನಡೆಯಲು ಇನ್ಯಾವ ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡು) ಬೇಕು ಎಂಬ ವಿವರ ಸೇರಿಸಿ ಕಟ್ಟಿದ ಗಂಟೇ ಲಿನಕ್ಸ್‌ನ ಪ್ಯಾಕೇಜು. ಸಮುದಾಯದ ರೆಪೊಸಿಟರಿಯಲ್ಲಿ, ಅಂದರೆ ಪ್ಯಾಕೇಜುಗಳ ಸಂಗ್ರಹದಲ್ಲಿ, ಈ ಗಂಟು ಕಟ್ಟುವವರು ನೂರಾರು ಮಂದಿ. ಎಲ್ಲರೂ ಒಂದೇ ಬಗೆಯಲ್ಲಿ ಕಟ್ಟಲೆಂದು ಬರೆದಿಟ್ಟ ನಿಯಮಗಳೇ ಪ್ಯಾಕೇಜಿಂಗ್ ಮಾರ್ಗಸೂಚಿ. ಲಿನಕ್ಸ್ ವಿತರಣೆಗಳಲ್ಲಿ ಡೆಬಿಯನ್‌ನವರು ಇದನ್ನು ‘ಪಾಲಿಸಿ’ (policy) ಎಂದು ಕರೆಯುತ್ತಾರೆ, ಫೆಡೋರಾ ಮತ್ತು ಆರ್ಚ್‌ನವರು ‘ಗೈಡ್‌ಲೈನ್ಸ್’ ಎಂದು.

‘ಸೂಚಿ’ ಎಂದರೂ ಎಲ್ಲವೂ ಬರೀ ಸೂಚನೆಯಲ್ಲ. ಡೆಬಿಯನ್ ಪಾಲಿಸಿಯಲ್ಲಿ ಮಸ್ಟ್ (ಕಡ್ಡಾಯ), ಶುಡ್ (ಶಿಫಾರಸು), ಮೇ (ಐಚ್ಛಿಕ) ಎಂಬ ಮೆಟ್ಟಿಲುಗಳಿವೆ. ಮಸ್ಟ್ ಮುರಿದ ಪ್ಯಾಕೇಜು ಸಾಮಾನ್ಯವಾಗಿ ಸ್ಥಿರ ಬಿಡುಗಡೆಗೆ ಅನರ್ಹ. ಕನ್ನಡದಲ್ಲಿ ಬರೆಯುವಾಗ ‘ಬೇಕು’ ಎಂಬ ಒಂದೇ ಪದ ಮಸ್ಟ್‌ಗೂ ಶುಡ್‌ಗೂ ಬಂದು ಕೂತುಬಿಡುತ್ತದೆ. ಕಡ್ಡಾಯಕ್ಕೆ ‘ಲೇಬೇಕು’, ಶಿಫಾರಸಿಗೆ ‘ಒಳ್ಳೆಯದು’ ಎಂದು ಮೊದಲೇ ಗೊತ್ತುಮಾಡಿಕೊಂಡರೆ ವಾದ ಕಡಿಮೆ.

ನಿಯಮದ ಪಕ್ಕದಲ್ಲೇ ಅದರ ಕಾರಣ ಇರಲೇಬೇಕು. ‘ಸ್ವಚ್ಛ ಕ್ರೂಟ್‌ನಲ್ಲಿ (ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿದ, ಅಗತ್ಯ ಪ್ಯಾಕೇಜುಗಳಷ್ಟೇ ಇರುವ ಜಾಗದಲ್ಲಿ) ಬಿಲ್ಡ್ ಮಾಡಿ’ ಎಂದಷ್ಟೇ ಬರೆದರೆ ಯಾರೂ ಮಾಡುವುದಿಲ್ಲ. ಕಾರಣ ಇದು: ಬಿಲ್ಡ್‌ನ ಆರಂಭದ ಕಾನ್ಫಿಗರ್ ಹಂತವು ಯಂತ್ರದಲ್ಲಿರುವ ಲೈಬ್ರರಿಗಳನ್ನು ತಡಕಾಡಿ, ಐಚ್ಛಿಕವಾದದ್ದು ಸಿಕ್ಕರೂ ಬೆಸೆದುಕೊಳ್ಳುತ್ತದೆ. ಪ್ಯಾಕೇಜ್ ಮಾಡುವವರು ಹಿಂದೆಂದೋ ಬೇರೆ ಕೆಲಸಕ್ಕೆ ಹಾಕಿಕೊಂಡ ಲೈಬ್ರರಿ ಹೀಗೆ ಒಳಗೆ ಸೇರುತ್ತದೆ, ಅವಲಂಬನೆಗಳ ಪಟ್ಟಿಯಲ್ಲಿ ಮಾತ್ರ ಅದರ ಹೆಸರಿರುವುದಿಲ್ಲ. ಅವರ ಯಂತ್ರದಲ್ಲಿ ಎಲ್ಲ ಸರಿ; ಬೇರೆಯವರಲ್ಲಿ ಪ್ರೋಗ್ರಾಮ್ ತೆರೆಯುತ್ತಲೇ ‘ಲೈಬ್ರರಿ ಸಿಗಲಿಲ್ಲ’ ಎಂದು ಸಾಯುತ್ತದೆ. ಬೇಡದ ಐಚ್ಛಿಕ ಅಂಶಗಳನ್ನು ಹೆಸರು ಹಿಡಿದು ಆಫ್ ಮಾಡಿ, ಸ್ವಚ್ಛ ಕ್ರೂಟ್‌ನಲ್ಲಿ ಕಟ್ಟಿ, ಪ್ಯಾಕೇಜಿನ ತಪ್ಪು ಹುಡುಕುವ ಸಾಧನಗಳಾದ ನಾಮ್‌ಕ್ಯಾಪ್‌ನಿಂದ (ಆರ್ಚ್‌ನಲ್ಲಿ) ಅಥವಾ ಲಿಂಟಿಯನ್‌ನಿಂದ (ಡೆಬಿಯನ್‌ನಲ್ಲಿ) ಪರೀಕ್ಷಿಸಿದರೆ ಇಂಥವು ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ.

ಆವೃತ್ತಿ ಸಂಖ್ಯೆಯ ನಿಯಮವಂತೂ ಗೊಂದಲದ ಗೂಡು. ಆರ್ಚ್‌ನಲ್ಲಿ 2.4-3 ಎಂದರೆ 2.4 ಮೂಲ ತಂತ್ರಾಂಶದ್ದು, 3 ಪ್ಯಾಕೇಜಿನದ್ದು, ಅಂದರೆ ಪಿಕೆಜಿರೆಲ್. ಕಟ್ಟಿದ ಗಂಟಿನ ಒಳಗೆ ಏನಾದರೂ ಬದಲಾದರೆ ಪಿಕೆಜಿರೆಲ್ ಏರಿಸಲೇಬೇಕು. ಬಿಲ್ಡ್ ಕಡತದಲ್ಲಿನ (ಬಿಲ್ಡ್ ಮಾಡುವ ಹಂತಗಳನ್ನು ಬರೆದ ಕಡತ) ಕಾಮೆಂಟಿನ ಕಾಗುಣಿತ ತಿದ್ದಿದ್ದಕ್ಕೆ ಏರಿಸಿದರೆ, ಬಳಕೆದಾರರೇ ಬಿಲ್ಡ್ ಮಾಡಿಕೊಳ್ಳುವ ರೆಪೊಸಿಟರಿಯಲ್ಲಿ ಅವರೆಲ್ಲ ಸುಮ್ಮನೆ ಮತ್ತೆ ಬಿಲ್ಡ್ ಮಾಡಬೇಕಾಗುತ್ತದೆ. ಮೂಲದವರು 20240115 ಎಂಬ ತಾರೀಕಿನ ಲೆಕ್ಕ ಬಿಟ್ಟು 1.0ಕ್ಕೆ ಬಂದರೆ ಪ್ಯಾಕೇಜ್ ಮ್ಯಾನೇಜರ್ ಅದನ್ನು ಹಳೆಯದೆಂದೇ ತಿಳಿಯುತ್ತದೆ. ಆಗ ಮುಂದೆ ಎಪೋಕ್ ಎಂಬ ಅಂಕೆ ಸೇರಿಸಿ 1:1.0-1 ಎಂದು ಬರೆಯಬೇಕು. ಒಮ್ಮೆ ಹಾಕಿದ ಎಪೋಕ್ ತೆಗೆಯಲು ಬರುವುದಿಲ್ಲ, ಹಾಗಾಗಿ ಅದು ಕೊನೆಯ ಉಪಾಯ.

ಇಳಿಸಿದ ಕಡತ ಬದಲಾಗಿಲ್ಲವೇ ಎಂದು ತಾಳೆ ನೋಡುವ ಸಂಖ್ಯೆ, ಅಂದರೆ ಚೆಕ್‌ಸಮ್, ಹೊಂದದಿದ್ದಾಗ ಹೊಸ ಸಂಖ್ಯೆ ಅಂಟಿಸಿ ಮುಂದೆ ಹೋಗುವುದು ಕೆಟ್ಟ ಚಾಳಿ. ಮೂಲ ಕೋಡು ತುಂಬಿದ ಹಳೆಯ ಮತ್ತು ಹೊಸ ಟಾರ್ ಕಡತ ಬಿಚ್ಚಿ ವ್ಯತ್ಯಾಸ ನೋಡಲೇಬೇಕು. ಆದರೆ ಚೆಕ್‌ಸಮ್ ಎಲ್ಲವನ್ನೂ ಕಾಯದು. 2018ರ ಜುಲೈನಲ್ಲಿ ಆರ್ಚ್ ಬಳಕೆದಾರರ ರೆಪೊಸಿಟರಿಯಲ್ಲಿ ವಾರಸುದಾರರಿಲ್ಲದ ಆಕ್ರೋರೀಡ್ (ಪಿಡಿಎಫ್ ಓದುವ ತಂತ್ರಾಂಶ) ಪ್ಯಾಕೇಜನ್ನು ವಹಿಸಿಕೊಂಡವರು, ಹೊರಗಿನ ಸ್ಕ್ರಿಪ್ಟ್ ಇಳಿಸಿ ಓಡಿಸುವ ಸಾಲನ್ನು ಬಿಲ್ಡ್ ಕಡತಕ್ಕೇ ತುರುಕಿದ್ದರು. ಇಳಿಸಬೇಕಾದದ್ದೆಲ್ಲ ಬಿಲ್ಡ್ ಕಡತದ ಸೋರ್ಸ್ ಪಟ್ಟಿಯಲ್ಲೇ ಇರಲೇಬೇಕು ಎಂಬ ನಿಯಮವಿದ್ದರೆ, ಓದಿ ನೋಡುವವರ ಕಣ್ಣಿಗೆ ಇಂಥ ಸಾಲು ಥಟ್ಟನೆ ಬೀಳುತ್ತದೆ.

ಬರೆದಿಟ್ಟದ್ದೂ ಹಳಸುತ್ತದೆ. ಆರ್ಚ್ 2013ರ ಜೂನ್‌ನಲ್ಲಿ ಪ್ರೋಗ್ರಾಮುಗಳಿರುವ ಬಿನ್, ಎಸ್‌ಬಿನ್ ಫೋಲ್ಡರುಗಳನ್ನೆಲ್ಲ ಯುಎಸ್ಆರ್ ಒಳಗಿನ ಬಿನ್‌ಗೆ ಸೇರಿಸಿತು. ಅಂದಿನಿಂದ ಹಳೆಯ ಎಸ್‌ಬಿನ್‌ನಲ್ಲಿ ಕಡತವಿಡುವ ಪ್ಯಾಕೇಜನ್ನು ಆರ್ಚ್‌ನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್ ಸೇರಿಸಿಕೊಳ್ಳುವುದಿಲ್ಲ. ಇಂಥ ಬದಲಾವಣೆ ಬಂದಾಗ ಮೊದಲು ತಿದ್ದಬೇಕಾದದ್ದು ಮಾದರಿ ಬಿಲ್ಡ್ ಕಡತವನ್ನು. ಹೊಸಬರು ನಿಯಮ ಓದುವುದಿಲ್ಲ, ಮಾದರಿಯನ್ನು ನಕಲಿಸುತ್ತಾರೆ. ಅದರಲ್ಲಿ ಈಗ ಭದ್ರವಲ್ಲದ ಎಂಡಿ5 ಚೆಕ್‌ಸಮ್ ಉಳಿದಿದ್ದರೆ ಅದೇ ಸಾಲು ನೂರು ಪ್ಯಾಕೇಜುಗಳಿಗೆ ಹೋಗುತ್ತದೆ. ಮಾದರಿಯನ್ನು ಗಿಟ್‌ನಲ್ಲಿಟ್ಟು (ಕಡತಗಳ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ), ನಿಯಮ ಬದಲಾದಾಗಲೆಲ್ಲ ಅದನ್ನು ತಾನಾಗಿಯೇ ಬಿಲ್ಡ್ ಆಗುವಂತೆ ಹೊಂದಿಸಿಟ್ಟರೆ, ಅದು ಮುರಿದದ್ದು ಮೊದಲು ನಿಯಮ ಬರೆದವರಿಗೇ ಗೊತ್ತಾಗುತ್ತದೆ.