ಸ್ಟೇಷನ್ ತೋರಿಸಿದರೆ ಹುಡುಗ ಸರಿಹೋಗುತ್ತಾನಾ?

ಪ್ರಶ್ನೆ: ನಮ್ಮ ಅಕ್ಕನ ಮಗ ಒಂಬತ್ತನೇ ಕ್ಲಾಸು. ಶಾಲೆಗೆ ಚಕ್ಕರ್ ಹೊಡೆಯುತ್ತಾನೆ, ಗುಟ್ಕಾ ಶುರುವಾಗಿದೆ, ದೊಡ್ಡ ಹುಡುಗರ ಸಹವಾಸ. ಭಾವ ತೀರಿಕೊಂಡಿದ್ದಾರೆ. ಪರಿಚಯದ ಪೊಲೀಸರಿಗೆ ಹೇಳಿ ಒಂದು ದಿನ ಸ್ಟೇಷನ್ನಿನಲ್ಲಿ ಕೂರಿಸಿದರೆ ಹೆದರಿ ದಾರಿಗೆ ಬರುತ್ತಾನಾ?

ಉತ್ತರ: ಬರುವುದಿಲ್ಲ. ಊರು ಬೇರೆ, ಹುಡುಗ ಬೇರೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಬೇಡ ಅಂದರೂ ‘ಒಂದ್ಸಲ ಹೆದರಿಸಿ ನೋಡೋಣ ಬಿಡಿ’ ಅನ್ನುವವರು ಇದ್ದೇ ಇದ್ದಾರೆ. ಇವತ್ತು ಇದನ್ನು ಬುಡಸಮೇತ ಕಿತ್ತುಬಿಡೋಣ.

ದಂಡಂ ದಶಗುಣಂ ಅನ್ನುವವರು ಅಮೆರಿಕದ ನ್ಯೂಜೆರ್ಸಿಯಲ್ಲಿ ಆದದ್ದನ್ನು ಕೇಳಿ. 1970ರ ದಶಕದಲ್ಲಿ ಅಲ್ಲಿನ ರಾವೇ ಜೈಲಿಗೆ ಪುಂಡ ಹುಡುಗರನ್ನು ಕರೆತಂದು, ಜೀವಾವಧಿ ಕೈದಿಗಳಿಂದಲೇ ಮುಖಕ್ಕೆ ಮುಖ ಕೊಟ್ಟು ಕಿರುಚಿಸುತ್ತಿದ್ದರು. ಒಳಗೆ ಬಂದರೆ ನಿನ್ನ ಗತಿ ಏನಾಗುತ್ತೆ ಗೊತ್ತಾ ಅಂತ. 1978ರಲ್ಲಿ ಇದರ ಸಾಕ್ಷ್ಯಚಿತ್ರ ಬಂತು, ಆಸ್ಕರ್ ಕೂಡ ಗೆದ್ದಿತು. ನೋಡಿದವರೆಲ್ಲ ಇದೇ ಮದ್ದು ಅಂದುಕೊಂಡರು. ಜೇಮ್ಸ್ ಫಿಂಕೆನಾವರ್ ಎಂಬ ಸಂಶೋಧಕರು ಮಾತ್ರ ಜೈಲು ನೋಡಿದ ಹುಡುಗರನ್ನೂ ನೋಡದವರನ್ನೂ ಆರು ತಿಂಗಳ ನಂತರ ಹೋಲಿಸಿದರು. ನೋಡದವರಲ್ಲಿ ಮತ್ತೆ ತಪ್ಪು ಮಾಡಿದವರು ಶೇ. 11ರಷ್ಟು. ನೋಡಿ ಬಂದವರಲ್ಲಿ ಶೇ. 41! ಮುಂದೆ ಇಂಥ ಒಂಬತ್ತು ಪ್ರಯೋಗಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದಾಗಲೂ ಅದೇ ಕಂಡಿತು: ಸುಮ್ಮನಿದ್ದಿದ್ದರೇ ವಾಸಿ ಇತ್ತು.

ಹದಿನಾಲ್ಕರ ಹುಡುಗನನ್ನು ಸ್ಟೇಷನ್ ಬೆಂಚಿನ ಮೇಲೆ ಕೂರಿಸಿದರೆ ಏನಾಗುತ್ತದೆ? ಮನೆಯವರೇ ನನ್ನನ್ನು ಕಳ್ಳರ ಲೆಕ್ಕಕ್ಕೆ ಸೇರಿಸಿದರು ಅನ್ನಿಸುತ್ತದೆ. ಮರುದಿನ ಅದೇ ಸಂಗತಿ ಗೆಳೆಯರ ನಡುವೆ ಬಡಾಯಿಯಾಗುತ್ತದೆ. ತಪ್ಪೇ ಮಾಡಿದ ಮಕ್ಕಳನ್ನೂ ಲಾಕಪ್ಪಿಗೆ ಹಾಕುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ನೀವು ತಪ್ಪು ಮಾಡದವನನ್ನು ಕರೆದುಕೊಂಡು ಹೊರಟಿದ್ದೀರಿ.

‘ನಮ್ಮಪ್ಪ ಬಾರುಕೋಲಲ್ಲಿ ಬಾರಿಸಿದ್ದಕ್ಕೇ ನಾನು ಉದ್ಧಾರವಾದೆ’ ಎಂಬ ಮಾತೂ ಬರುತ್ತದೆ. ಅದೇ ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರು, ನೀವು ಬರುವ ತನಕ ಊಟ ಮಾಡದೆ ಕಾದಿದ್ದರು. ಅದನ್ನೆಲ್ಲ ಬಿಟ್ಟು ಬಾರುಕೋಲಿಗೆ ಪುಣ್ಯ ಕಟ್ಟಬೇಡಿ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ತಂದೆತಾಯಿಯ ಕುಡಿತ, ಹೀಗೆ ಎಲ್ಲ ಕಷ್ಟ ಒಟ್ಟಿಗೆ ಬಿದ್ದ ಮಕ್ಕಳಲ್ಲೂ ಮೂರರಲ್ಲೊಬ್ಬರು ಚೆನ್ನಾಗಿಯೇ ಬೆಳೆದರು. ಅವರ ಪಾಲಿಗೆ ಅಜ್ಜಿಯೋ ಅತ್ತೆಯೋ ಮೇಷ್ಟರೋ ನೆರೆಮನೆಯವರೋ, ಒಬ್ಬರಾದರೂ ನೆಚ್ಚಬಹುದಾದ ದೊಡ್ಡವರಿದ್ದರು.

ನಿಮ್ಮ ಹುಡುಗನಿಗೆ ಅಂಥವರು ನೀವೇ. ಸೋದರಮಾವ ಅಲ್ಲವೇ? ಎದುರು ಕೂರಿಸಿ ಬುದ್ಧಿ ಹೇಳಬೇಡಿ. ಭಾನುವಾರ ಸೈಕಲ್ಲು ಪಂಕ್ಚರಾಗಿದ್ದರೆ ಇಬ್ಬರೂ ಅಂಗಳದಲ್ಲಿ ಕೂತು ಟ್ಯೂಬು ಬಿಚ್ಚಿ. ಟಬ್ಬಿನ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ಅವನೇ ಹುಡುಕಲಿ. ಕೈಗೆ ಕೆಲಸ, ಕಣ್ಣು ಟ್ಯೂಬಿನ ಮೇಲೆ ಇದ್ದಾಗ ‘ಮಾವ, ಆ ಮೇಷ್ಟ್ರು ನನ್ನ ಮಾತೇ ಕೇಳಲ್ಲ’ ಎಂಬಂಥದ್ದು ತಾನಾಗಿ ಹೊರಗೆ ಬರುತ್ತದೆ. ತಕ್ಷಣ ತೀರ್ಪು ಕೊಡದೆ ಕೇಳಿಸಿಕೊಳ್ಳಿ. ಮುಂದಿನ ಭಾನುವಾರವೂ ಹೋಗಿ.

ನೀವು ಕೇಳದ ಇನ್ನೊಂದು ಪ್ರಶ್ನೆಯಿದೆ: ಎಷ್ಟು ದಿನ? ಅಮೆರಿಕದಲ್ಲಿ ಒಂದು ಮಗುವಿಗೆ ಒಬ್ಬ ದೊಡ್ಡವರನ್ನು ಸ್ನೇಹಿತರಾಗಿ ಜೊತೆ ಮಾಡುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಕಾರ್ಯಕ್ರಮವಿದೆ. ಅಂಥ ಜೋಡಿಗಳನ್ನು ಅಧ್ಯಯನ ಮಾಡಿದ ವರದಿ 2002ರಲ್ಲಿ ಬಂತು. ವರ್ಷ ದಾಟಿದ ನಂಟು ಮಕ್ಕಳಿಗೆ ಹೆಚ್ಚು ಒಳ್ಳೆಯದು ಮಾಡಿತ್ತು. ಮೂರು ತಿಂಗಳೊಳಗೇ ಮುರಿದದ್ದು ಅವರ ಆತ್ಮಗೌರವವನ್ನು ಇನ್ನಷ್ಟು ಕುಗ್ಗಿಸಿತ್ತು. ಎರಡು ವಾರದ ಉತ್ಸಾಹವಾದರೆ ದಯವಿಟ್ಟು ಶುರುವೇ ಮಾಡಬೇಡಿ. ನಡುವೆ ವರ್ಗವಾದರೆ ಅಕ್ಕನಿಗಿಂತ ಮೊದಲು ಅವನಿಗೆ ಹೇಳಿ, ಯಾವ ದಿನ ಹೊರಡುತ್ತೀರಿ, ಯಾವ ಹೊತ್ತಿಗೆ ಫೋನ್ ಮಾಡುತ್ತೀರಿ ಎಂಬುದನ್ನೂ ಸೇರಿಸಿ.