ಸುತ್ತಿಗೆ ಎತ್ತುವ ಮುಂಚೆ

"ಸರ್, ಈ ಅಡುಗೆ ಕಟ್ಟೆ ಒಡೆಸಿ ಬೇರೆ ಮಾಡಿಸಬೇಕು."

ಫೋನ್ ಮಾಡಿದವರು ನಾನು ವಿನ್ಯಾಸ ಮಾಡಿಕೊಟ್ಟ ಹೊಸ ಮನೆಗೆ ಬಂದು ಏಳು ತಿಂಗಳಾಗಿತ್ತು. ಫೋನಿನಲ್ಲಿ ದನಿ ಸಣ್ಣದಾಗಿತ್ತು, ಯಾಕಂದ್ರೆ ಆ ಕಪ್ಪು ಕಲ್ಲನ್ನು ಹಟ ಹಿಡಿದು ಆರಿಸಿದ್ದು ಅವರೇ. ನಾನು ಎರಡು ಸಲ ತಿಳಿ ಬಣ್ಣದ ಕಲ್ಲು ತೋರಿಸಿದ್ದೆ, ಬೇಡ ಅಂದಿದ್ದರು.

ಹೋಗಿ ನೋಡಿದೆ. ಏನು ತೊಂದರೆ ಅಂತ ಕೇಳಿದರೆ, "ಗೊತ್ತಿಲ್ಲ, ಇಲ್ಲಿ ನಿಂತರೆ ಸಾಕಪ್ಪಾ ಅನ್ನಿಸುತ್ತೆ" ಅಂದರು. ಸರಿ, ದಿನಾ ಮಾಡೋ ಹಾಗೆ ಏನಾದರೂ ಹೆಚ್ಚಿ, ನೋಡ್ತೀನಿ ಅಂದೆ. ಸಂಜೆ ಏಳು ಗಂಟೆ. ಲೈಟ್ ಹಾಕಿದರು. ಲೈಟ್ ಇದ್ದದ್ದು ಕೋಣೆಯ ನಟ್ಟನಡುವೆ, ಸೀಲಿಂಗ್‌ನಲ್ಲಿ. ಅವರು ಕಟ್ಟೆಯ ಕಡೆ ತಿರುಗಿ ನಿಂತ ಕೂಡಲೇ ಅವರ ನೆರಳೇ ಮಣೆಯ ಮೇಲೆ ಬಿತ್ತು. ಕಪ್ಪು ಕಲ್ಲು, ಅದರ ಮೇಲೆ ನೆರಳು, ಆ ನೆರಳಿನಲ್ಲಿ ಚಾಕು. ಬೆರಳು ಕಾಣಲಿ ಅಂತ ಅವರು ಬಗ್ಗುತ್ತಿದ್ದರು. ಬಗ್ಗಿದಷ್ಟೂ ನೆರಳು ಜಾಸ್ತಿ. ಏಳು ತಿಂಗಳು ಹೀಗೆ ನಿಂತರೆ ಯಾರಿಗೆ ತಾನೇ ಬೇಜಾರಾಗಲ್ಲ?

ಕಟ್ಟೆ ಒಡೆಯಲಿಲ್ಲ. ಮೇಲಿನ ಕಪಾಟಿನ ಅಡಿಯಲ್ಲಿ, ಮುಂದಿನ ಅಂಚಿಗೆ ಒಂದು ಎಲ್‌ಇಡಿ ಪಟ್ಟಿ ಕೂರಿಸಿದೆವು. ಅರ್ಧ ದಿನದ ಕೆಲಸ. ಅಂದಹಾಗೆ, ನಡುವೆ ಒಂದೇ ಲೈಟ್ ಅಂತ ನಕ್ಷೆಯಲ್ಲಿ ಗುರುತು ಹಾಕಿದ್ದು ನಾನು. ಅದನ್ನೂ ಅವರಿಗೆ ಹೇಳಿದೆ.

ಮನೆ, ತೋಟದ ಕೆಲಸದಲ್ಲಿ ಮನಸ್ಸು ಬದಲಾಯಿಸುವವರನ್ನು ಚಂಚಲ ಅಂತ ನಾನು ಅಂದುಕೊಳ್ಳುವುದಿಲ್ಲ. ಮೊದಲ ಸಲ ಆರಿಸುವಾಗ ನಮ್ಮ ಮುಂದೆ ಇರುವುದು ಒಂದು ಫೋಟೋ, ಅಂಗೈ ಅಗಲದ ಒಂದು ತುಂಡು ಕಲ್ಲು. ಎರಡನೇ ಸಲ ಮಾತಾಡುವುದು ಅಲ್ಲೇ ನಿಂತು ದಣಿದ ಸೊಂಟ, ಕಣ್ಣು. ನಾನು ಎರಡನೆಯದನ್ನೇ ಜಾಸ್ತಿ ನಂಬುತ್ತೇನೆ. ತೊಡಕು ಎಲ್ಲಿ ಅಂದರೆ, ನೋವು ಒಂದು ಕಡೆ ಇರುತ್ತದೆ, ಬೆರಳು ಇನ್ನೊಂದು ಕಡೆ ತೋರಿಸುತ್ತದೆ. ಅದೂ ಸಾಮಾನ್ಯವಾಗಿ ಕಣ್ಣಿಗೆ ದೊಡ್ಡದಾಗಿ ಕಾಣುವ, ಬದಲಾಯಿಸಲು ಕಷ್ಟವಾದ ವಸ್ತುವಿನ ಕಡೆಗೇ.

ಅಮೆರಿಕದ ಲೇಖಕ ಸ್ಟೀವರ್ಟ್ ಬ್ರಾಂಡ್ 1994ರಲ್ಲಿ ಕಟ್ಟಡವನ್ನು ಆರು ಪದರಗಳಾಗಿ ಬಿಡಿಸಿ ತೋರಿಸಿದರು. ನಿವೇಶನ ಅಲುಗುವುದೇ ಇಲ್ಲ. ಅಡಿಪಾಯ, ಕಂಬ, ತೊಲೆಗಳ ಆಯಸ್ಸು 30ರಿಂದ 300 ವರ್ಷ. ಹೊರಮೈ ಸುಮಾರು 20 ವರ್ಷ. ವಯರಿಂಗ್, ಪೈಪು 7ರಿಂದ 15 ವರ್ಷ. ಒಳಗಿನ ಅಡ್ಡಗೋಡೆ, ಬಾಗಿಲುಗಳ ಜೋಡಣೆ ಅಂಗಡಿಗಳಲ್ಲಾದರೆ ಮೂರು ವರ್ಷಕ್ಕೇ ಬದಲಾದೀತು, ಮನೆಗಳಲ್ಲಿ 30 ವರ್ಷವೂ ಇದ್ದೀತು. ಕೊನೆಗೆ ಕುರ್ಚಿ, ಮೇಜು, ದೀಪ. ಅವು ದಿನಾ ಜಾಗ ಬದಲಾಯಿಸುತ್ತವೆ. ಯಾರಾದರೂ "ಇದನ್ನು ತೆಗೆಸಬೇಕು" ಅಂದಾಗ ನಾನು ಈ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದುತ್ತೇನೆ. ಮೊದಲು ಮೇಜು ಸರಿಸಿ ನೋಡೋಣ. ಆಮೇಲೆ ದೀಪ. ಗೋಡೆ ಕೊನೆಗೆ.

ಕಟ್ಟೆಯ ಎತ್ತರದ ದೂರೂ ಹೀಗೇ. ನಿಂತು ಮೊಣಕೈ ಮಡಚಿದರೆ, ಕಟ್ಟೆ ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು ಅನ್ನುವುದು ನಮ್ಮ ಅಳತೆ. ಕಟ್ಟೆ ತಗ್ಗಾಯಿತು ಅನ್ನುವವರಿಗೆ ನಾನು ಕಟ್ಟೆಯ ಮೇಲೆ ದಪ್ಪ ಮರದ ಹಲಗೆ ಇಟ್ಟುಕೊಂಡು ಹದಿನೈದು ದಿನ ಕೆಲಸ ಮಾಡಿ ನೋಡಿ ಅನ್ನುತ್ತೇನೆ. ಎಷ್ಟೋ ಜನಕ್ಕೆ ಆ ಹಲಗೆಯೇ ಸಾಕಾಗಿಬಿಡುತ್ತದೆ. ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆಸಿ, ವರ್ಷದೊಳಗೆ ಮತ್ತೆ ಬೇಕು ಅನ್ನುವವರೂ ಇದ್ದಾರೆ. ಅವರಿಗೆ ಸೀಲಿಂಗ್‌ನಿಂದ ನೆಲದವರೆಗೆ ಒಂದು ದಪ್ಪ ಬಟ್ಟೆ ಇಳಿಬಿಡಿ ಅನ್ನುತ್ತೇನೆ. ಬೇಕಾಗಿದ್ದು ಸದ್ದು ತಡೆಯೋದಾ, ವಾಸನೆ ತಡೆಯೋದಾ, ಸಿಂಕಿನ ಪಾತ್ರೆ ಮರೆಮಾಡೋದಾ ಅಂತ ಆಗ ಗೊತ್ತಾಗುತ್ತದೆ. ಪಾತ್ರೆಗಾದರೆ ಮೊಣಕಾಲೆತ್ತರದ ಮರೆ ಸಾಲದು, ಎದೆಯೆತ್ತರದ್ದು ಸಾಕು. ಇರುವ ಗೋಡೆ ತೆಗೆಯುವುದಿದ್ದರೆ ಮಾತ್ರ ಬಟ್ಟೆಯ ಆಟ ನಡೆಯಲ್ಲ. ಅದು ಭಾರ ಹೊತ್ತಿದೆಯಾ ಅಂತ ಎಂಜಿನಿಯರ್ ನೋಡಿ ಹೇಳುವ ತನಕ ಒಂದು ಇಟ್ಟಿಗೆಯೂ ಅಲುಗಬಾರದು.

ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ. ಗೋಡೆಗೆ ಹಚ್ಚಬೇಡಿ, ದೊಡ್ಡ ರಟ್ಟಿಗೆ ಎರಡು ಕೋಟ್ ಹಚ್ಚಿ, ಬೆಳಿಗ್ಗೆ ಒಂದು ಗೋಡೆಗೆ, ರಾತ್ರಿ ದೀಪದ ಬೆಳಕಿನಲ್ಲಿ ಇನ್ನೊಂದಕ್ಕೆ ಆನಿಸಿ ನೋಡಿ.

ಇನ್ನು, "ಅಷ್ಟು ದುಡ್ಡು ಹಾಕಿದ್ದೀವಲ್ಲ" ಅಂತ ಬೇಡದ್ದನ್ನೂ ಸಹಿಸಿಕೊಳ್ಳುವವರು. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವ ಇಬ್ಬರು ಸಂಶೋಧಕರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಇಡೀ ಸೀಸನ್ನಿನ ನಾಟಕದ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಯಾರಿಗೆ ಯಾವುದು ಅನ್ನುವುದು ಆಯ್ದದ್ದಲ್ಲ, ಸುಮ್ನೆ ಬಂದ ಹಾಗೆ. ಪೂರ್ತಿ ಬೆಲೆ ಕೊಟ್ಟವರು ಜಾಸ್ತಿ ನಾಟಕಗಳಿಗೆ ಹೋದರು. ಆದರೆ ಸೀಸನ್ನಿನ ಮೊದಲ ಅರ್ಧದಲ್ಲಿ ಮಾತ್ರ. ಎರಡನೇ ಅರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಕೊಟ್ಟ ದುಡ್ಡಿನ ಉರಿ ಆರಲು ಸ್ವಲ್ಪ ಸಮಯ ಬೇಕು ಅಂತ ನಾನು ಇದನ್ನು ಓದಿಕೊಂಡಿದ್ದೇನೆ. ಹಾಗಾಗಿ ಮನೆ ಸೇರಿದ ತಿಂಗಳಲ್ಲೇ "ಇಷ್ಟವಾಯ್ತಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಆಗ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ.

ತೋಟಕ್ಕೆ ಬಂದರೆ ಲೆಕ್ಕ ತಲೆಕೆಳಗು. ಗೋಡೆ ಗಟ್ಟಿ, ಗಿಡ ಮೆತ್ತಗೆ, ಬೇಡವಾದರೆ ಕಿತ್ತು ಬೇರೆ ಕಡೆ ನೆಟ್ಟರಾಯಿತು ಅಂತ ನಾವು ತಿಳಿದಿರುತ್ತೇವೆ. ಹೂಗಿಡಕ್ಕೆ ಆ ಮಾತು ಸರಿ. ಮರಕ್ಕಲ್ಲ. ಮರ ಕಿತ್ತು ಬೇರೆಡೆ ನೆಡುವಾಗ ಬೇರಿನ ಸುತ್ತ ಉಳಿಸಬೇಕಾದ ಮಣ್ಣಿನ ಉಂಡೆ ಕಾಂಡದ ದಪ್ಪದ ಹತ್ತು ಹನ್ನೆರಡು ಪಟ್ಟು ಅಗಲ ಇರಬೇಕು. ಕಾಂಡ ಬರೀ ಐದು ಸೆಂಟಿಮೀಟರ್ ದಪ್ಪ ಇದ್ದರೂ ಉಂಡೆ ಅರ್ಧ ಮೀಟರಾದರೂ ಅಗಲ. ಒಬ್ಬ ಆಳು ಎತ್ತುವ ಮಾತೇ ಇಲ್ಲ. ಅಷ್ಟು ಮಾಡಿದರೂ ಹೆಚ್ಚಿನ ಬೇರು ಹಳೇ ಗುಂಡಿಯಲ್ಲೇ ಉಳಿಯುತ್ತದೆ. ಬೇರು ಹರಡುವುದು ರೆಂಬೆಗಳ ನೆರಳನ್ನೂ ದಾಟಿ ಆಚೆಗೆ. ಅದಕ್ಕೇ ನಾನು ಮರದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಆ ಜಾಗದಲ್ಲಿ ಒಂದು ದೊಡ್ಡ ಕುಂಡವನ್ನೋ ಉದ್ದನೆಯ ಗಳುವನ್ನೋ ನಿಲ್ಲಿಸಿ, ಒಂದು ವರ್ಷ ಬಿಸಿಲು, ನೆರಳು ನೋಡಿ ಆಮೇಲೆ ನೆಡಿ ಅನ್ನುತ್ತೇನೆ. ಅರ್ಧ ಜನಕ್ಕೆ ತಾಳ್ಮೆ ಇರಲ್ಲ. ಅವರು ಸಸಿ ತಂದೇ ನನ್ನನ್ನು ಕರೆದಿರುತ್ತಾರೆ.

ಹಳೆಯದನ್ನು ಕಿತ್ತೆಸೆಯುವ ಧೈರ್ಯ ಅಂದರೆ ನನಗೆ ನೆನಪಾಗುವುದು ಇಂಗ್ಲೆಂಡಿನ ಗ್ರೇಟ್ ಡಿಕ್ಸ್‌ಟರ್ ತೋಟದ ಒಡೆಯ, ತೋಟಗಾರ ಕ್ರಿಸ್ಟೋಫರ್ ಲಾಯ್ಡ್. ಅಲ್ಲಿನ ಗುಲಾಬಿ ತೋಟದ ವಿನ್ಯಾಸ ಎಡ್ವಿನ್ ಲುಟ್ಯನ್ಸ್ ಅವರದ್ದು, ನವದೆಹಲಿಯನ್ನು ರೂಪಿಸಿದವರದ್ದೇ. ಗುಲಾಬಿ ಇದ್ದಲ್ಲೇ ಮತ್ತೆ ಮತ್ತೆ ಗುಲಾಬಿ ನೆಟ್ಟರೆ ಹೊಸ ಗಿಡ ಸೊರಗುತ್ತದೆ. 1990ರ ದಶಕದ ಆರಂಭದಲ್ಲಿ, ಎಪ್ಪತ್ತು ದಾಟಿದ್ದ ಲಾಯ್ಡ್ ಆ ಗುಲಾಬಿಗಳನ್ನು ತೆಗೆಸಿ ಬಾಳೆ, ಕಾನಾ, ಡೇಲಿಯಾಗಳ ಕಾಡು ಎಬ್ಬಿಸಿದರು. ಹುಬ್ಬೇರಿಸಿದವರಿಗೇನೂ ಕಡಿಮೆ ಇರಲಿಲ್ಲ. ನನಗೆ ಇಷ್ಟವಾದದ್ದು ಬೇರೆ. ಸುತ್ತಲಿನ ಕತ್ತರಿಸಿ ಆಕಾರ ಕೊಟ್ಟ ಹಸಿರು ಬೇಲಿಯನ್ನು ಅವರು ಮುಟ್ಟಲಿಲ್ಲ. ಒಳಗಿನದ್ದು ಮಾತ್ರ ಬದಲಾಯಿತು.

ನನ್ನದೇ ಹಿತ್ತಲಲ್ಲಿ ಅಷ್ಟು ಜಾಣತನ ನಡೆಯಲಿಲ್ಲ. ಕಳೆ ಕೀಳುವ ಕೆಲಸವೇ ಬೇಡ ಅಂತ ಕಾಲುದಾರಿಗೆ ಕಳೆ ತಡೆಯುವ ಬಟ್ಟೆ ಹಾಸಿ ಮೇಲೆ ಜಲ್ಲಿ ಸುರಿಸಿದೆ. ಎರಡು ವರ್ಷ ಚೆನ್ನಾಗಿತ್ತು. ಉದುರಿದ ಎಲೆ, ಧೂಳು ಜಲ್ಲಿಯ ಸಂದಿಯಲ್ಲಿ ಕೊಳೆತು ಬಟ್ಟೆಯ ಮೇಲೆಯೇ ಮಣ್ಣಾಯಿತು. ಅದರಲ್ಲಿ ಹುಲ್ಲು ಹುಟ್ಟಿ ಬೇರನ್ನು ಬಟ್ಟೆಯೊಳಗೆ ಹೊಲಿದುಬಿಟ್ಟಿತು. ಕೀಳಲು ಹೋದರೆ ಬಟ್ಟೆ ಪರ್ರನೆ ಹರಿಯುತ್ತದೆ, ಬೇರು ಅಲ್ಲೇ. ಮೂರು ಭಾನುವಾರ ಜಲ್ಲಿ ಜರಡಿ ಹಿಡಿದಿದ್ದೇನೆ, ಇನ್ನೂ ಅರ್ಧ ದಾರಿ ಬಾಕಿ. ನಾನು ಇದೇ ಬಟ್ಟೆ ಹಾಕಿಸಿಕೊಟ್ಟಿದ್ದ ಇಬ್ಬರಿಗೂ ಫೋನ್ ಮಾಡಿ ಹೇಳಿದೆ. ಒಬ್ಬರು ಆಗಲೇ ಕಿತ್ತು ಹಾಕಿದ್ದರು, ನನಗೆ ಬೇಜಾರಾದೀತು ಅಂತ ಹೇಳಿರಲಿಲ್ಲವಂತೆ.

ಕಪ್ಪು ಕಟ್ಟೆಯವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಕಟ್ಟೆ ಈಗ ಚೆನ್ನಾಗಿದೆಯಂತೆ. "ಆದರೆ ಸರ್, ಕಿಟಕಿ ಆಚೆಗಿರೋ ಆ ಮರ..." ಅಂದರು. ಏನೂ ಮಾಡಬೇಡಿ, ನಾಳೆ ಬೆಳಿಗ್ಗೆ ಬರ್ತೀನಿ ಅಂದೆ.