ಫೋನ್ ಬದಲಾಯಿಸಿದೆ, ಕೆಲವರ ಮೆಸೇಜ್ ಮಾತ್ರ ಬರುತ್ತಿಲ್ಲ. ಯಾಕೆ?

ಪ್ರಶ್ನೆ: ಐದು ವರ್ಷ ಐಫೋನ್ ಬಳಸಿ ಈಗ ಆಂಡ್ರಾಯ್ಡ್ ಫೋನ್ ತೆಗೆದುಕೊಂಡಿದ್ದೇನೆ. ನಂಬರ್ ಅದೇ, ಸಿಮ್ ಅದೇ. ಕಾಲ್ ಬರುತ್ತವೆ, ಒಟಿಪಿಯೂ ಬರುತ್ತದೆ. ಆದರೆ ಅಕ್ಕ ಕಳಿಸಿದ ಮೆಸೇಜ್ ಒಂದೂ ಬರುತ್ತಿಲ್ಲ. ಅವಳ ಫೋನಿನಲ್ಲಿ ಯಾವ ತಪ್ಪೂ ತೋರಿಸುವುದಿಲ್ಲವಂತೆ. ಹಳೆಯ ಮೆಸೇಜ್‌ಗಳೂ ಹೊಸ ಫೋನಿನಲ್ಲಿ ಕಾಣುತ್ತಿಲ್ಲ. ಸಿಮ್ ಕೆಟ್ಟಿದೆಯೇ?

ಉತ್ತರ: ಸಿಮ್ ಸರಿಯಾಗಿಯೇ ಇದೆ. ಒಟಿಪಿ ಬರುತ್ತಿದೆ ಎಂದಿರಲ್ಲ, ಅದೇ ಅದಕ್ಕೆ ಸಾಕ್ಷಿ. ನಿಮ್ಮ ಅಕ್ಕನ ಕೈಯಲ್ಲಿರುವುದು ಬಹುಶಃ ಐಫೋನ್. ಮೆಸೇಜ್ ಬಾರದ ಉಳಿದವರ ಬಳಿಯೂ ಯಾವ ಫೋನಿದೆ ಎಂದು ಕೇಳಿ ನೋಡಿ. ಎಲ್ಲರದ್ದೂ ಐಫೋನೇ ಆಗಿದ್ದರೆ ಕಾರಣ ಸಿಕ್ಕಂತಾಯಿತು.

ನೀವು ಹೇಳಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಹೊಸ ಮೆಸೇಜ್‌ಗಳು ದಾರಿ ತಪ್ಪುತ್ತಿರುವುದು ಒಂದು. ಹಳೆಯವು ಹಳೆಯ ಫೋನಿನಲ್ಲೇ ಉಳಿದಿರುವುದು ಇನ್ನೊಂದು. ಹಳೆಯ ಫೋನನ್ನು ಅಳಿಸದೆ ಇಟ್ಟಿದ್ದರೆ ಎರಡನೆಯದು ಎಲ್ಲಿಗೂ ಓಡಿ ಹೋಗುವುದಿಲ್ಲ. ಮೊದಲನೆಯದಕ್ಕೆ ಗಡುವಿದೆ. ಹಾಗಾಗಿ ಅದನ್ನೇ ಮೊದಲು ನೋಡೋಣ.

ಮೆಸೇಜ್ ಹೋಗುತ್ತಿರುವುದು ಎಲ್ಲಿಗೆ?

ಎಸ್‌ಎಂಎಸ್ ಹೋಗುವುದು ಮೊಬೈಲ್ ಕಂಪನಿಯ ಜಾಲದಲ್ಲಿ. ಸಿಮ್ ಯಾವ ಫೋನಿನಲ್ಲಿದೆಯೋ ಅಲ್ಲಿಗೆ ಬಂದು ಬೀಳುತ್ತದೆ. ಆಪಲ್ 2011ರ ಅಕ್ಟೋಬರಿನಲ್ಲಿ ಐಓಎಸ್ 5ರ ಜೊತೆ ಐಮೆಸೇಜ್ ತಂದಿತು. ಇದು ಎಸ್‌ಎಂಎಸ್ ಅಲ್ಲ, ಇಂಟರ್ನೆಟ್ ಮೂಲಕ ಹೋಗುವ ಬೇರೆಯೇ ವ್ಯವಸ್ಥೆ. ಎರಡೂ ಒಂದೇ ಆ್ಯಪ್‌ನಲ್ಲಿ ಕಾಣುವುದರಿಂದ ಬಳಸುವವರಿಗೆ ವ್ಯತ್ಯಾಸ ತಿಳಿಯುವುದು ಬಣ್ಣದಿಂದ ಮಾತ್ರ. ಐಮೆಸೇಜ್ ನೀಲಿ, ಎಸ್‌ಎಂಎಸ್ ಹಸಿರು.

ಐಫೋನಿಗೆ ಸಿಮ್ ಹಾಕಿ ಐಮೆಸೇಜ್ ಆನ್ ಮಾಡಿದಾಗ ನಿಮ್ಮ ನಂಬರ್ ಆಪಲ್‌ನ ಸರ್ವರ್‌ನಲ್ಲಿ ನೋಂದಣಿಯಾಗುತ್ತದೆ. ಆಮೇಲೆ ಬೇರೆ ಐಫೋನಿನವರು ನಿಮ್ಮ ನಂಬರಿಗೆ ಮೆಸೇಜ್ ಬರೆದರೆ, ಅವರ ಫೋನ್ ಮೊದಲು ಆ ಸರ್ವರನ್ನು ವಿಚಾರಿಸುತ್ತದೆ: ಈ ನಂಬರ್ ಐಮೆಸೇಜ್‌ನಲ್ಲಿದೆಯೇ? ಇದೆ ಎಂದರೆ ಮೆಸೇಜ್ ಮೊಬೈಲ್ ಕಂಪನಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ಹೆಸರಿನಲ್ಲಿ ನೋಂದಾಯಿತವಾದ ಆಪಲ್ ಸಾಧನಗಳಿಗೆಂದೇ ಗೂಢಲಿಪಿಯಾಗಿ ಹೊರಡುತ್ತದೆ.

ನೀವು ಸಿಮ್ ತೆಗೆದು ಆಂಡ್ರಾಯ್ಡ್‌ಗೆ ಹಾಕಿದಿರಿ. ಆ ಸುದ್ದಿ ಮೊಬೈಲ್ ಕಂಪನಿಗೆ ಗೊತ್ತು, ಆಪಲ್‌ಗೆ ಗೊತ್ತಿಲ್ಲ. ಅದರ ದಾಖಲೆಯಲ್ಲಿ ನೀವಿನ್ನೂ ಐಫೋನ್ ಬಳಕೆದಾರರು, ಸದ್ಯಕ್ಕೆ ಫೋನ್ ಆಫ್ ಆಗಿದೆ ಅಷ್ಟೆ. ಆದ್ದರಿಂದ ಮೆಸೇಜ್ ಸರ್ವರ್‌ನಲ್ಲಿ ಕಾಯುತ್ತದೆ. ತಲುಪಿಸಲಾಗದ ಐಮೆಸೇಜನ್ನು ಆಪಲ್ ಇಟ್ಟುಕೊಳ್ಳುವುದು ಹೆಚ್ಚೆಂದರೆ 30 ದಿನ. ಗಡುವು ಎಂದದ್ದು ಇದಕ್ಕೇ.

ಅಕ್ಕನ ಫೋನಿನಲ್ಲಿ ನಿಮ್ಮ ಸಂಭಾಷಣೆ ತೆರೆದು ಒಮ್ಮೆ ನೋಡಿ. ಕೊನೆಯ ಮೆಸೇಜ್‌ಗಳು ನೀಲಿ ಗುಳ್ಳೆಯಲ್ಲಿರುತ್ತವೆ. ತಲುಪಿದ ಐಮೆಸೇಜಿನ ಕೆಳಗೆ ಸಣ್ಣಕ್ಷರದಲ್ಲಿ ‘ಡೆಲಿವರ್ಡ್’ ಎಂದು ಬರಬೇಕು. ಅವಳ ಇತ್ತೀಚಿನ ಮೆಸೇಜ್‌ಗಳ ಕೆಳಗೆ ಏನೂ ಇರುವುದಿಲ್ಲ. ಕೆಂಪು ಗುರುತೂ ಇಲ್ಲ, ಎಚ್ಚರಿಕೆಯೂ ಇಲ್ಲ, ಬರೀ ಖಾಲಿ. ಹೋಯಿತು ಎಂದು ಅವಳು ತಿಳಿದದ್ದರಲ್ಲಿ ತಪ್ಪೇನಿಲ್ಲ. ‘ಡೆಲಿವರ್ಡ್’ ಎಂದೇ ಕಾಣುತ್ತಿದ್ದರೆ, ನಿಮ್ಮದೇ ಐಪ್ಯಾಡ್ ಅಥವಾ ಮ್ಯಾಕ್ ಎಲ್ಲೋ ಆನ್ ಆಗಿದ್ದು ಮೆಸೇಜ್‌ಗಳನ್ನು ಪಡೆಯುತ್ತಿದೆ. ಅವು ಕಳೆದಿಲ್ಲ, ಅಲ್ಲಿ ತೆರೆದರೆ ಸಿಗುತ್ತವೆ.

ನಂಬರ್ ಒಬ್ಬರದ್ದು, ಅದರ ದಾಖಲೆ ಇನ್ನೊಬ್ಬರ ಕೈಯಲ್ಲಿ. ಈ ಏರ್ಪಾಡು ಬಳಕೆದಾರರಿಗೆ ನ್ಯಾಯ ಮಾಡುವಂಥದ್ದಲ್ಲ. ಇದೇ ಕಾರಣಕ್ಕೆ 2014ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಆಪಲ್ ಮೇಲೆ ದಾವೆ ಹೂಡಲಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಐಫೋನ್ ಕೈಯಲ್ಲಿಲ್ಲದವರೂ ನೋಂದಣಿ ರದ್ದು ಮಾಡಿಕೊಳ್ಳುವಂತೆ ಆಪಲ್ ತನ್ನ ಜಾಲತಾಣದಲ್ಲಿ ಒಂದು ಪುಟ ತೆರೆಯಿತು.

ಹಳೆಯ ಐಫೋನ್ ಇನ್ನೂ ನಿಮ್ಮ ಬಳಿಯೇ ಇದ್ದರೆ

ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲೇ ಐಮೆಸೇಜ್ ಆಫ್ ಮಾಡಿಬಿಟ್ಟರೆ ಸರ್ವರ್‌ನಲ್ಲಿ ಕಾಯುತ್ತಿರುವ ಮೆಸೇಜ್‌ಗಳು ನಿಮ್ಮ ಕೈಗೆ ಬರದೆ ಹೋಗಬಹುದು. ಆದ್ದರಿಂದ ಸಿಮ್ಮನ್ನು ಮತ್ತೆ ಐಫೋನಿಗೆ ಹಾಕಿ, ವೈಫೈಗೆ ಸೇರಿಸಿ, ಮೆಸೇಜಸ್ ಆ್ಯಪ್ ತೆರೆದು ಅರ್ಧ ಗಂಟೆ ಹಾಗೇ ಬಿಡಿ. 30 ದಿನದೊಳಗಿನವು ಒಂದೊಂದಾಗಿ ಬಂದು ಸೇರುತ್ತವೆ. ನಂತರ ಹಳೆಯ ಮೆಸೇಜ್‌ಗಳನ್ನು ಕೇಬಲ್ ಮೂಲಕ ಹೊಸ ಫೋನಿಗೆ ಸಾಗಿಸಿ (ಬಗೆ ಮುಂದೆ ಹೇಳಿದೆ). ಈಗಷ್ಟೇ ಬಂದವೂ ಅದರ ಜೊತೆಗೇ ಹೋಗುತ್ತವೆ.

ಐಮೆಸೇಜ್ ಆಫ್ ಮಾಡುವುದು ಆಮೇಲೆ. ಸೆಟ್ಟಿಂಗ್ಸ್‌ನಲ್ಲಿ ಮೆಸೇಜಸ್ ತೆರೆದು ಐಮೆಸೇಜ್ ಗುಂಡಿಯನ್ನು ಆಫ್ ಮಾಡಿ. ಐಓಎಸ್ 18ರಿಂದೀಚೆಗೆ ಇದರ ಜಾಗ ಬದಲಾಗಿದೆ: ಸೆಟ್ಟಿಂಗ್ಸ್‌ನ ತೀರಾ ಕೆಳಗಿರುವ ‘ಆ್ಯಪ್ಸ್’ ಒಳಗೆ ಹೋದರೆ ಮೆಸೇಜಸ್ ಸಿಗುತ್ತದೆ. ಫೇಸ್‌ಟೈಮ್ ಕೂಡ ಆಫ್ ಮಾಡಿ, ಅದಕ್ಕೂ ಇಂಥದೇ ನೋಂದಣಿ ಇದೆ. ಇದನ್ನೆಲ್ಲ ಸಿಮ್ ಐಫೋನಿನಲ್ಲಿರುವಾಗ, ಇಂಟರ್ನೆಟ್ ಇರುವಾಗಲೇ ಮಾಡಬೇಕು. ಗುಂಡಿ ಆಫ್ ಆದ ಸುದ್ದಿ ಸರ್ವರ್‌ಗೆ ಮುಟ್ಟಬೇಕಲ್ಲ! ಕೆಲವು ನಿಮಿಷ ಬಿಟ್ಟು ಸಿಮ್ ತೆಗೆಯಿರಿ.

ಐಪ್ಯಾಡ್ ಅಥವಾ ಮ್ಯಾಕ್ ಇದ್ದರೆ ಅಲ್ಲಿಯೂ ಮೆಸೇಜಸ್ ಸೆಟ್ಟಿಂಗ್ಸ್‌ನ ‘ಸೆಂಡ್ ಆ್ಯಂಡ್ ರಿಸೀವ್’ ಪಟ್ಟಿಯಲ್ಲಿ ನಿಮ್ಮ ನಂಬರಿನ ಮುಂದಿನ ಗುರುತು ತೆಗೆಯಿರಿ. ಫೋನಿನಲ್ಲಿ ಎಲ್ಲ ಸರಿ ಮಾಡಿಯೂ ತೊಂದರೆ ಹೋಗದಿದ್ದರೆ ಅನುಮಾನಿಸಬೇಕಾದದ್ದು ಈ ಪಟ್ಟಿಯನ್ನೇ.

ಐಫೋನ್ ಕೈಬಿಟ್ಟು ಹೋಗಿದ್ದರೆ

ಮಾರಿದ್ದರೆ, ಕಳೆದಿದ್ದರೆ ಅಥವಾ ಒಡೆದಿದ್ದರೆ ಆಪಲ್‌ನ ಆ ಪುಟವೇ ಗತಿ. ಡೀರಿಜಿಸ್ಟರ್ ಐಮೆಸೇಜ್ ಎಂದು ಹುಡುಕಿದರೆ ಸಿಗುತ್ತದೆ. ಬೇರೆ ಜಾಲತಾಣಗಳಿಗೆ ನಂಬರ್ ಕೊಡಬೇಡಿ, ವಿಳಾಸ ಆಪಲ್‌ನದ್ದೇ ಎಂದು ಖಚಿತ ಮಾಡಿಕೊಳ್ಳಿ. ಪುಟದಲ್ಲಿ ಐಫೋನ್ ಈಗ ಬಳಿಯಿಲ್ಲ ಎಂಬ ಭಾಗಕ್ಕೆ ಹೋಗಿ, ದೇಶ ಆರಿಸಿ, ನಂಬರ್ ಬರೆದು ಕೋಡ್ ಕೇಳಿ. ಆರು ಅಂಕೆಗಳ ಕೋಡ್ ಎಸ್‌ಎಂಎಸ್ ಆಗಿ ನಿಮ್ಮ ಆಂಡ್ರಾಯ್ಡ್ ಫೋನಿಗೇ ಬರುತ್ತದೆ. ಅದನ್ನು ಬರೆದು ಸಲ್ಲಿಸಿದರೆ ಮುಗಿಯಿತು. ಆಪಲ್ ಖಾತೆಯ ಪಾಸ್‌ವರ್ಡ್ ನೆನಪಿರಲೇಬೇಕು ಎಂದೇನಿಲ್ಲ, ನಂಬರ್ ನಿಮ್ಮದು ಎಂದು ಕೋಡ್ ಸಾಬೀತು ಮಾಡಿದರೆ ಸಾಕು.

ಕೋಡ್ ಬರದಿದ್ದರೆ ದೇಶದ ಆಯ್ಕೆ ಸರಿಯಾಗಿದೆಯೇ ನೋಡಿ, ಹೊಸ ಫೋನಿನ ಸ್ಪ್ಯಾಮ್ ಫೋಲ್ಡರನ್ನೂ ತೆರೆದು ನೋಡಿ.

ರದ್ದಾದ ಮೇಲೂ ಅಕ್ಕನ ಮೆಸೇಜ್ ನೀಲಿಯಾಗಿಯೇ ಹೋಗುತ್ತಿದ್ದರೆ ಗಾಬರಿಯಾಗಬೇಡಿ. ನಿಮ್ಮ ನಂಬರ್ ಐಮೆಸೇಜಿನದ್ದು ಎಂದು ಅವಳ ಫೋನ್ ನೆನಪಿಟ್ಟುಕೊಂಡಿರುತ್ತದೆ, ಅದು ಮರೆಯಲು ಕೆಲವು ಗಂಟೆ ಹಿಡಿಯಬಹುದು. ಬೇಗ ಆಗಬೇಕೆಂದರೆ, ಹೋಗದೆ ನಿಂತ ಗುಳ್ಳೆಯನ್ನು ಅವಳು ಒತ್ತಿ ಹಿಡಿದು ‘ಸೆಂಡ್ ಆ್ಯಸ್ ಟೆಕ್ಸ್ಟ್ ಮೆಸೇಜ್’ ಆರಿಸಬೇಕು. ಅದೇ ಹೆಸರಿನ ಗುಂಡಿ ಅವಳ ಮೆಸೇಜಸ್ ಸೆಟ್ಟಿಂಗ್ಸ್‌ನಲ್ಲೂ ಇದೆ, ಅದು ಆನ್ ಆಗಿರಲಿ. ಅವಳು ನಿಮ್ಮ ನಂಬರಿಗೆ ಬದಲು ನಿಮ್ಮ ಆಪಲ್ ಇಮೇಲ್‌ಗೆ ಕಳಿಸುತ್ತಿದ್ದರೆ ನಂಬರ್ ರದ್ದು ಮಾಡಿ ಪ್ರಯೋಜನವಿಲ್ಲ. ಹೆಸರಿನ ಮೇಲೆ ಒತ್ತಿ, ಮೆಸೇಜ್ ಹೋಗುತ್ತಿರುವುದು ಯಾವುದಕ್ಕೆ ಎಂದು ನೋಡಲು ಹೇಳಿ.

ಗುಂಪುಗಳ ಸಮಸ್ಯೆ ಇನ್ನೂ ಹಠಮಾರಿ. ಎಲ್ಲರೂ ಐಫೋನಿನವರಾಗಿದ್ದಾಗ ಮಾಡಿದ ಗುಂಪು ಐಮೆಸೇಜ್ ಗುಂಪಾಗಿಯೇ ಮುಂದುವರಿಯುತ್ತದೆ, ನಿಮಗೆ ಮಾತ್ರ ಏನೂ ಬರುವುದಿಲ್ಲ. ಅದನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ, ಯಾರಾದರೊಬ್ಬರು ನಿಮ್ಮ ನಂಬರ್ ಸೇರಿಸಿ ಹೊಸ ಗುಂಪು ಮಾಡಿ, ಉಳಿದವರು ಹಳೆಯದನ್ನು ಅಳಿಸುವುದು ಸಲೀಸು.

ಹಳೆಯ ಮೆಸೇಜ್‌ಗಳನ್ನು ತರುವುದು

ಮೆಸೇಜ್‌ಗಳು ಸಿಮ್ಮಿನಲ್ಲಿರುತ್ತವೆ ಎಂಬ ನಂಬಿಕೆ ಇನ್ನೂ ಹಲವರಲ್ಲಿದೆ. ಹಾಗಿಲ್ಲ. ಐಫೋನಿನಲ್ಲೂ ಆಂಡ್ರಾಯ್ಡ್‌ನಲ್ಲೂ ಅವು ಫೋನಿನೊಳಗಿನ ಒಂದು ಡೇಟಾಬೇಸ್ ಕಡತದಲ್ಲಿರುತ್ತವೆ. ಎರಡೂ ಎಸ್‌ಕ್ಯೂಲೈಟ್ ಎಂಬ ಒಂದೇ ಬಗೆಯ ಕಡತಗಳೇ ಆದರೂ ಒಳಗಿನ ರಚನೆ ಬೇರೆ. ಸಮಯ ಬರೆಯುವ ಕ್ರಮವನ್ನೇ ನೋಡಿ: ಐಫೋನ್ 2001ರ ಜನವರಿ 1ರಿಂದ ಎಣಿಸುತ್ತದೆ, ಆಂಡ್ರಾಯ್ಡ್ 1970ರ ಜನವರಿ 1ರಿಂದ. ನಡುವಿನ ಅಂತರ 97,83,07,200 ಸೆಕೆಂಡ್. ಸಾಗಿಸುವ ತಂತ್ರಾಂಶ ಇದನ್ನು ಕೂಡಿಸಲು ಮರೆತರೆ ಮೆಸೇಜ್‌ಗಳೆಲ್ಲ 31 ವರ್ಷ ಹಿಂದಿನ ತಾರೀಕು ಹೊತ್ತು ಪಟ್ಟಿಯ ತಳ ಸೇರುತ್ತವೆ. ಕಡತವನ್ನು ಹಾಗೇ ನಕಲು ಮಾಡಿದರೆ ಕೆಲಸವಾಗದು ಎನ್ನುವುದು ಇದಕ್ಕೇ.

ನಂಬಬಹುದಾದ ದಾರಿ ಕೇಬಲ್. ಹೊಸ ಫೋನ್ ಸ್ಯಾಮ್‌ಸಂಗ್ ಆಗಿದ್ದರೆ ಸ್ಮಾರ್ಟ್ ಸ್ವಿಚ್ ಆ್ಯಪ್ ಅನ್ನು ಯಾವಾಗ ಬೇಕಾದರೂ ತೆರೆದು ಶುರು ಮಾಡಬಹುದು. ಬೇರೆ ಹಲವು ಫೋನ್‌ಗಳಲ್ಲಿ ಮೊದಲ ಸಲ ಸೆಟಪ್ ಮಾಡುವಾಗ ಕೇಳುವ ‘ಹಳೆಯ ಫೋನಿನಿಂದ ಡೇಟಾ ತರಬೇಕೇ’ ಎಂಬ ಹಂತದಲ್ಲೇ ಇದು ಆಗಬೇಕು. ಆ ಹಂತ ದಾಟಿಬಿಟ್ಟಿದ್ದರೆ ಹೊಸ ಫೋನನ್ನು ರೀಸೆಟ್ ಮಾಡಿ ಮತ್ತೆ ಶುರು ಮಾಡಬೇಕಾಗಬಹುದು. ಹೊಸ ಫೋನಿನಲ್ಲಿ ಹೆಚ್ಚೇನೂ ತುಂಬಿಲ್ಲದ ಮೊದಲ ವಾರದಲ್ಲೇ ಇದನ್ನು ಮಾಡುವುದು ಒಳ್ಳೆಯದು. ಐಫೋನ್ 14 ಮತ್ತು ಅದಕ್ಕೂ ಹಿಂದಿನವಕ್ಕೆ ಲೈಟ್ನಿಂಗ್‌ನಿಂದ ಯುಎಸ್‌ಬಿ-ಸಿ ಕೇಬಲ್ ಬೇಕು, ಐಫೋನ್ 15ರಿಂದ ಎರಡೂ ತುದಿ ಯುಎಸ್‌ಬಿ-ಸಿ ಆದರಾಯಿತು. ಕೇಬಲ್ ಚುಚ್ಚಿದಾಗ ಐಫೋನಿನ ಪರದೆಯಲ್ಲಿ ‘ಟ್ರಸ್ಟ್’ ಎಂದು ಕೇಳುತ್ತದೆ, ಒಪ್ಪಿ ಪಾಸ್‌ಕೋಡ್ ಕೊಡಿ. ಐಫೋನ್ ಲಾಕ್ ಆಗಿದ್ದರೆ ಮುಂದಿನ ಹೆಜ್ಜೆ ಇಲ್ಲ.

ಕೇಬಲ್ ಬಿಟ್ಟು ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್ ಮೂಲಕ ತರುವ ಆಯ್ಕೆಯನ್ನೂ ಈ ಆ್ಯಪ್‌ಗಳು ತೋರಿಸುತ್ತವೆ. ಅದರಲ್ಲಿ ಫೋಟೊ, ಸಂಪರ್ಕಗಳಂಥವು ಬರುತ್ತವೆ, ಮೆಸೇಜ್ ಬರುವುದಿಲ್ಲ. ‘ಎಲ್ಲ ಬಂತು, ಮೆಸೇಜ್ ಮಾತ್ರ ಬರಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಹಿಡಿದಿರುವುದು ಈ ದಾರಿ.

ನಡುವೆ ಪಾಸ್‌ವರ್ಡ್ ಕೇಳಿದರೆ ಅದು ಆಪಲ್ ಖಾತೆಯದ್ದಲ್ಲ. ಎಂದೋ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆಯುವಾಗ ಎನ್‌ಕ್ರಿಪ್ಟ್ ಮಾಡಲು ಕೊಟ್ಟದ್ದು. ಸಾಗಣೆಯ ತಂತ್ರಾಂಶ ಐಫೋನಿನಿಂದ ಒಂದು ಬ್ಯಾಕಪ್ ಕೇಳಿ ಪಡೆಯುತ್ತದೆ, ಹಾಗಾಗಿ ಆ ಹಳೆಯ ಪಾಸ್‌ವರ್ಡ್ ಅಡ್ಡ ಬರುತ್ತದೆ. ಮರೆತಿದ್ದರೆ ಐಫೋನಿನ ಸೆಟ್ಟಿಂಗ್ಸ್, ಜನರಲ್, ‘ಟ್ರಾನ್ಸ್‌ಫರ್ ಆರ್ ರೀಸೆಟ್’, ರೀಸೆಟ್ ಎಂದು ಹೋಗಿ ‘ರೀಸೆಟ್ ಆಲ್ ಸೆಟ್ಟಿಂಗ್ಸ್’ ಒತ್ತಿ. ವಾಲ್‌ಪೇಪರ್, ಪರದೆಯ ಜೋಡಣೆಯಂಥವು ಮೊದಲಿನಂತಾಗುತ್ತವೆ, ಬ್ಯಾಕಪ್ ಪಾಸ್‌ವರ್ಡ್ ಹೋಗುತ್ತದೆ, ಮೆಸೇಜ್ ಮತ್ತು ಫೋಟೊಗಳಿಗೆ ಏನೂ ಆಗುವುದಿಲ್ಲ. ಅದೇ ಪಟ್ಟಿಯ ಪಕ್ಕದಲ್ಲಿ ‘ಇರೇಸ್ ಆಲ್ ಕಂಟೆಂಟ್’ ಎಂಬುದಿದೆ. ಅದನ್ನು ಮುಟ್ಟಬೇಡಿ, ಅದು ಫೋನನ್ನೇ ಖಾಲಿ ಮಾಡುತ್ತದೆ.

ಬ್ಯಾಕಪ್ ಆ್ಯಪ್ ಒಂದರಲ್ಲಿ ಮೆಸೇಜ್‌ಗಳನ್ನು ಉಳಿಸಿಕೊಂಡು ಒಂದು ಆಂಡ್ರಾಯ್ಡ್‌ನಿಂದ ಇನ್ನೊಂದಕ್ಕೆ ತರುವವರಿಗೂ ಒಂದು ಮಾತು. ಮರಳಿ ತುಂಬುವಾಗ ಆ ಆ್ಯಪ್ ತನ್ನನ್ನೇ ಡೀಫಾಲ್ಟ್ ಎಸ್‌ಎಂಎಸ್ ಆ್ಯಪ್ ಮಾಡಿ ಎನ್ನುತ್ತದೆ. 2013ರ ಆಂಡ್ರಾಯ್ಡ್ 4.4ರಿಂದ ಮೆಸೇಜ್ ಡೇಟಾಬೇಸಿಗೆ ಬರೆಯುವ ಹಕ್ಕು ಡೀಫಾಲ್ಟ್ ಆ್ಯಪ್ ಒಂದಕ್ಕೇ ಇರುವುದರಿಂದ ಹೀಗೆ. ಕೆಲಸ ಮುಗಿದ ಮೇಲೆ ಮೊದಲಿನ ಆ್ಯಪನ್ನೇ ಮತ್ತೆ ಡೀಫಾಲ್ಟ್ ಮಾಡಿ, ಇಲ್ಲವಾದರೆ ಮುಂದೆ ಬರುವ ಮೆಸೇಜ್‌ಗಳು ನಿಮಗೆ ಗೊತ್ತಾಗದೆ ಹೋಗಬಹುದು.

ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು

ಈ ಬಲೆ ಈಗ ಆ ದಿಕ್ಕಿನಲ್ಲೂ ಇದೆ. ಗೂಗಲ್ ಮೆಸೇಜಸ್‌ನ ಆರ್‌ಸಿಎಸ್ ಕೂಡ ಇಂಟರ್ನೆಟ್ ಮೇಲೆ ನಡೆಯುವ, ನಂಬರ್ ನೋಂದಾಯಿಸಿಕೊಳ್ಳುವ ವ್ಯವಸ್ಥೆಯೇ. ಸಿಮ್ ತೆಗೆಯುವ ಮೊದಲು ಗೂಗಲ್ ಮೆಸೇಜಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆರ್‌ಸಿಎಸ್ ಚಾಟ್ಸ್’ ಆಫ್ ಮಾಡಿ. ಫೋನ್ ಇಲ್ಲವಾದರೆ ಗೂಗಲ್‌ನ ಜಾಲತಾಣದಲ್ಲೂ ಇದಕ್ಕೊಂದು ಪುಟವಿದೆ, ಅಲ್ಲಿಯೂ ಕೋಡ್ ಎಸ್‌ಎಂಎಸ್‌ನಲ್ಲೇ ಬರುತ್ತದೆ. ಐಓಎಸ್ 18ರಿಂದ, ಅಂದರೆ 2024ರ ಸೆಪ್ಟೆಂಬರಿನಿಂದ, ಐಫೋನಿಗೂ ಆರ್‌ಸಿಎಸ್ ಬಂದಿದೆ. ಆದರೂ ಹಳೆಯ ನೋಂದಣಿ ಬಿಡಿಸಿಕೊಂಡು ಹೋಗುವುದೇ ಕ್ಷೇಮ.

ಹಳೆಯ ಮೆಸೇಜ್‌ಗಳಿಗೆ ಆಪಲ್‌ನ ‘ಮೂವ್ ಟು ಐಓಎಸ್’ ಆ್ಯಪ್ 2015ರಿಂದ ಇದೆ. ಇದೂ ಸೆಟಪ್ ಹಂತದಲ್ಲೇ ನಡೆಯಬೇಕು. ಐಫೋನ್ ಒಂದು ತಾತ್ಕಾಲಿಕ ವೈಫೈ ಜಾಲ ಹುಟ್ಟಿಸುತ್ತದೆ, ಆಂಡ್ರಾಯ್ಡ್ ಅದಕ್ಕೆ ಸೇರುತ್ತದೆ. ಆ ಜಾಲದಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಆಂಡ್ರಾಯ್ಡ್ ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹಾರಿದರೆ ಸಾಗಣೆ ಅರ್ಧಕ್ಕೆ ಕಡಿಯುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ, ಎರಡೂ ಫೋನ್ ಚಾರ್ಜಿಗೆ ಹಾಕಿ, ಆಂಡ್ರಾಯ್ಡ್‌ನ ಪರದೆಯಲ್ಲಿ ಆ ಆ್ಯಪ್ ಬಿಟ್ಟು ಬೇರೇನನ್ನೂ ತೆರೆಯಬೇಡಿ. ಆಂಡ್ರಾಯ್ಡ್ ‘ಮುಗಿಯಿತು’ ಎಂದರೂ ಐಫೋನಿನ ಪಟ್ಟಿ ತುಂಬುವವರೆಗೆ ಕಾಯಬೇಕು.

ವಾಟ್ಸ್‌ಆ್ಯಪ್‌ಗೆ ನೋಂದಣಿಯ ತೊಡಕಿಲ್ಲ, ಹೊಸ ಫೋನಿನಲ್ಲಿ ನಂಬರ್ ದೃಢಪಡಿಸಿದರೆ ಹಳೆಯದರಲ್ಲಿ ತಾನೇ ಹೊರಬೀಳುತ್ತದೆ. ಆದರೆ ಐಕ್ಲೌಡ್‌ನಲ್ಲಿರುವ ಅದರ ಬ್ಯಾಕಪ್ಪನ್ನು ಆಂಡ್ರಾಯ್ಡ್ ಓದಲಾರದು. ನಿಮ್ಮಂತೆ ಐಫೋನಿನಿಂದ ಆಂಡ್ರಾಯ್ಡ್‌ಗೆ ಬಂದವರಿಗೆ ಹಳೆಯ ಚಾಟ್‌ಗಳೂ ಕೇಬಲ್‌ನಲ್ಲೇ ಬರಬೇಕು.

ಇನ್ನು ಮುಂದೆ ಅಕ್ಕನ ಮೆಸೇಜ್ ಎಸ್‌ಎಂಎಸ್ ಆಗಿ ಬರುವಾಗ ಒಂದು ಬದಲಾವಣೆ ಕಾಣಬಹುದು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್. ಇಂಗ್ಲಿಷ್‌ನಲ್ಲಿ ಅದು 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ‘ಸ್ತ್ರೀ’ ಎಂಬ ಒಂದಕ್ಷರ ಆರು ಎಂದು ಲೆಕ್ಕಕ್ಕೆ ಬರುತ್ತದೆ: ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು. 70 ದಾಟಿದರೆ ಮೆಸೇಜ್ ತಲಾ 67ರ ತುಂಡುಗಳಾಗಿ ಹೋಗಿ ನಿಮ್ಮ ಫೋನಿನಲ್ಲಿ ಮತ್ತೆ ಜೋಡಣೆಯಾಗುತ್ತದೆ. ಒಂದು ತುಂಡು ತಡವಾದರೆ ಇಡೀ ಮೆಸೇಜ್ ಅದಕ್ಕಾಗಿ ಕಾಯುತ್ತದೆ. ಐಮೆಸೇಜ್‌ನಲ್ಲಿ ಈ ಮಿತಿ ಇರಲಿಲ್ಲ. ಉದ್ದದ ಕನ್ನಡ ಮೆಸೇಜ್ ಸ್ವಲ್ಪ ತಡವಾಗಿ ಬಂದರೆ ಮತ್ತೆ ನೋಂದಣಿಯನ್ನು ದೂರಬೇಡಿ.

ಹಳೆಯ ಐಫೋನನ್ನು ಅಳಿಸುವ ಮೊದಲು ಎರಡೂ ಫೋನ್ ಪಕ್ಕಪಕ್ಕ ಇಟ್ಟು, ನಿಮಗೆ ಬೇಕಾದ ಎರಡು ಮೂರು ಸಂಭಾಷಣೆಗಳನ್ನು ತೀರಾ ಮೇಲಿನವರೆಗೆ ಸರಿಸಿ ನೋಡಿ. ಮೊದಲ ಮೆಸೇಜಿನ ತಾರೀಕು ಎರಡರಲ್ಲೂ ಒಂದೇ ಇರಬೇಕು, ನಡುವಿನ ಫೋಟೊಗಳೂ ತೆರೆಯಬೇಕು. ಫೋಟೊದ ಜಾಗ ಖಾಲಿಯಿದ್ದರೆ ಅದು ಐಕ್ಲೌಡ್‌ನಲ್ಲಷ್ಟೇ ಇದ್ದು ಐಫೋನಿಗೆ ಇಳಿದಿರಲಿಲ್ಲ ಎಂದರ್ಥ. ಐಫೋನಿನಲ್ಲಿ ಆ ಫೋಟೊ ತೆರೆದು, ಇಳಿಸಿಕೊಂಡು, ಬೇರೆಯಾಗಿ ಉಳಿಸಿಕೊಳ್ಳಿ. ಆಮೇಲೆ ಅಕ್ಕನಿಗೆ ಒಂದು ಮೆಸೇಜ್ ಕಳಿಸಲು ಹೇಳಿ. ಅವಳ ಪರದೆಯಲ್ಲಿ ಹಸಿರು ಗುಳ್ಳೆ ಮೂಡಿ, ನಿಮ್ಮ ಫೋನ್ ಸದ್ದು ಮಾಡಿದರೆ ಐಫೋನನ್ನು ಧೈರ್ಯವಾಗಿ ಅಳಿಸಬಹುದು.